ಮಿರ್ಚಿ ಕಾಗದದ ಅಮೆರಿಕನ್ ಆಟಗಾರರು

ಮಿರ್ಚಿ ಬಜ್ಜಿ ತಿನ್ನುವ ಮೊದಲು ಅದನ್ನು ಕಟ್ಟಿಕೊಟ್ಟ ಕಾಗದ ಓದುವ ಚಟ ನನಗೆ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯವನಿಗೆ ಇದು ಗೊತ್ತು. "ಟೀಚರಮ್ಮಾರೇ, ಮೊದ್ಲು ತಿನ್ರಿ, ಆಮ್ಯಾಲೆ ಓದ್ರಿ. ಆರಿ ಹೋಗ್ತಾವು" ಎಂದು ಗದರುತ್ತಾನೆ. ನಾನು ಕೇಳುವುದಿಲ್ಲ. ಎಣ್ಣೆ ಹತ್ತಿ ಈಚೆ ಬದಿಯ ಅಕ್ಷರ, ಆಚೆ ಬದಿಯ ಅಕ್ಷರ ಕಲಸಿಹೋಗುವ ಮೊದಲು ಓದಿಬಿಡಬೇಕು. ಹಾಗೆ ಗುರುತಿಲ್ಲದ ಎಷ್ಟೋ ಜನರ ಲಗ್ನಪತ್ರಿಕೆ ಓದಿದ್ದೇನೆ, ಧಾರಾವಾಹಿಯ ನಡುವಿನ ಕಂತು ಓದಿದ್ದೇನೆ. ಒಮ್ಮೆ ನಾನೇ ತಿದ್ದಿದ ಉತ್ತರ ಪತ್ರಿಕೆಯಲ್ಲಿ ನನಗೇ ಮಿರ್ಚಿ ಬಂದಿತ್ತು. ಒಟ್ಟು ಕೂಡಿಸುವಾಗ ಆ ಹುಡುಗಿಗೆ ಎರಡು ಅಂಕ ಕಡಿಮೆ ಹಾಕಿದ್ದೆನೆಂದು ಆವತ್ತು ಗೊತ್ತಾಯಿತು. ಮಿರ್ಚಿ ಗಂಟಲಿಗೆ ಇಳಿಯಲಿಲ್ಲ.

ಈ ಚಟ ಅಂಟಿದ್ದು ಕೊಟ್ಟೂರಿನಲ್ಲಿ. ನಮ್ಮಪ್ಪನದು ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಪೊಟ್ಟಣ ಕಟ್ಟುವ ರದ್ದಿ ಕಾಗದವನ್ನು ಹರಪನಹಳ್ಳಿಯ ಒಬ್ಬ ವ್ಯಾಪಾರಿ ತಿಂಗಳಿಗೊಮ್ಮೆ ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಒಂದು ಸಲ ಅವನು ಇಳಿಸಿದ ಗಂಟಿನ ತುಂಬ ಬಣ್ಣಬಣ್ಣದ ಇಂಗ್ಲಿಷ್ ಪುಸ್ತಕಗಳಿದ್ದವು. "ತಗಳ್ರಿ ಯಜಮಾನ್ರೇ, ಫಾರಿನ್ ಮಾಲು ಐತೆ. ಹಡಗಿನಾಗೆ ಬಂದಿದ್ದು" ಎಂದ. ಅಪ್ಪನಿಗೆ ಹೆಮ್ಮೆಯಾಯಿತು. ಆವತ್ತೇ ಕೂತು, ಪುಟಕ್ಕೆ ಎರಡರಂತೆ ಅಡ್ಡಡ್ಡ ಹರಿದು ಇಡೀ ಗಂಟು ಮುಗಿಸಿದ. ಮರುದಿನ ಸಂಜೆಗೆ ಹೆಮ್ಮೆ ಇಳಿಯಿತು. ಆ ನುಣುಪು ಕಾಗದ ಎಣ್ಣೆಯನ್ನು ಹೀರುತ್ತಲೇ ಇರಲಿಲ್ಲ. ಎಣ್ಣೆ ಜಾರಿ ಗಿರಾಕಿಗಳ ಪಂಚೆಯ ಮೇಲೆ ಬೀಳುತ್ತಿತ್ತು. "ಏನ್ ಫಾರಿನ್ನೋ, ಎಣ್ಣಿ ಕುಡಿಯಾಕ ಬರಂಗಿಲ್ಲ ಇದಕ್ಕ" ಎಂದು ಅಪ್ಪ ಉಳಿದ ಹಾಳೆಗಳನ್ನೆಲ್ಲ ನನ್ನ ಕಡೆ, ಅಣ್ಣನ ಕಡೆ ನೂಕಿದ. ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಿಕೊಳ್ಳಿರಿ ಎಂದ.

ಆ ಹಾಳೆಗಳ ತುಂಬ ಅಮೆರಿಕದ ಆಟಗಾರರ ಚಿತ್ರಗಳಿದ್ದವು. ಹೀಗೆ ನಾನು ಅಮೆರಿಕನ್ ಫುಟ್‌ಬಾಲಿನ ಅಭಿಮಾನಿಯಾದೆ. ನಗುವವರು ನಗಬಹುದು. ನನಗೆ ಒಬ್ಬ ಆಟಗಾರನ ಹೆಸರೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಹೆಸರಿದ್ದ ಕೆಳಗಿನ ಸಾಲುಗಳೆಲ್ಲ ಅಪ್ಪನ ಕೈಯಲ್ಲಿ ಹರಿದು ಕೊಟ್ಟೂರಿನ ಗಿರಾಕಿಗಳ ಪಾಲಾಗಿದ್ದವು. ಆದರೆ ಮುಖಗಳು ಗೊತ್ತು. ನಮ್ಮ ದಾಯಾದಿಗಳ ಮುಖ ಮರೆತೇನು, ಅವರ ಮುಖ ಮರೆಯಲಾರೆ.

ಅಣ್ಣನ ಹೆಸರು ಕೊಟ್ರೇಶ. ನನಗಿಂತ ಐದು ವರ್ಷ ದೊಡ್ಡವನು, ಹತ್ತನೆಯ ಪರೀಕ್ಷೆಗೆ ಎರಡು ಸಲ ಕೂತು, ಮೂರನೆಯ ಸಲ ಬಾಣಲೆಯ ಮುಂದೆ ನಿಂತವನು. ಅವನ ಬಲಗೈ ಇವತ್ತಿಗೂ ಕಿವಿಗಿಂತ ಮೇಲೆ ಏಳುವುದಿಲ್ಲ. ಅದಕ್ಕೆ ಕಾರಣ ನಾನು. ಈ ಆಟಗಾರರ ವಿಷಯ ಎತ್ತಿದರೆ ಅಲ್ಲಿಗೆ ಬಂದು ಮುಟ್ಟಲೇಬೇಕು ಎಂಬ ಹೆದರಿಕೆಯಿಂದ ಇಷ್ಟು ವರ್ಷ ಯಾರ ಎದುರೂ ಎತ್ತಿರಲಿಲ್ಲ. ಅಣ್ಣನ ಎದುರಂತೂ ಇಲ್ಲವೇ ಇಲ್ಲ.

ಮೊದಲ ಚಿತ್ರ ನೋಡಿದ ದಿನ ಮನೆಯಲ್ಲಿ ದೊಡ್ಡ ಚರ್ಚೆಯಾಗಿತ್ತು. ತಲೆಗೆ ಗುಂಡನೆಯ ಟೋಪಿ, ಬಾಯಿಗೆ ಕಬ್ಬಿಣದ ಜಾಲರಿ, ಚೀಲ ತುಂಬಿದ ಹಾಗೆ ಭುಜ, ಕೈಯಲ್ಲಿ ಕಂದು ಬಣ್ಣದ ಮೊಟ್ಟೆಯಾಕಾರದ ವಸ್ತು. ಆ ಕೈಯನ್ನು ಕಿವಿಯ ಹಿಂದಕ್ಕೆ ಎಳೆದು ಒಬ್ಬ ಗಂಡಸು ದೂರ ನೋಡುತ್ತಿದ್ದಾನೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ ತೀರ್ಪು ಕೊಟ್ಟ: "ಕಾಯಿ ಒಗಿಯಾಕ ಹತ್ಯಾನ. ಅಮೆರಿಕದಾಗೂ ಪಂಚಮಿ ಮಾಡ್ತಾರ."

ಅಪ್ಪನದು ತಪ್ಪಲ್ಲ. ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಕಾಯಿ ಒಗೆಯುವ ಆಟ. ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಯನ್ನು ಇಲ್ಲಿಂದ ಅಲ್ಲಿಗೆ ಇಷ್ಟು ಎಸೆತದಲ್ಲಿ ಮುಟ್ಟಿಸುತ್ತೇನೆ ಎಂದು ಒಬ್ಬ ಹೇಳಬೇಕು, ಆಗುವುದಿಲ್ಲ ಎಂದು ಇನ್ನೊಬ್ಬ ಹೇಳಬೇಕು. ಕಾಯಿ ಬಿದ್ದಲ್ಲಿಂದ ಮುಂದಿನ ಎಸೆತ. ಹಿಂದೆ ಓಣಿಯ ಜನವೆಲ್ಲ ಕೂಗುತ್ತಾ ಓಡಬೇಕು. ಇದನ್ನು ಹುಟ್ಟಿದಾಗಿನಿಂದ ನೋಡಿದ ಯಾರಿಗಾದರೂ ಆ ಚಿತ್ರದಲ್ಲಿ ಪಂಚಮಿಯೇ ಕಾಣುತ್ತದೆ. ಟೋಪಿ ಯಾಕೆ ಎಂದು ನಾನು ಕೇಳಿದೆ. ಕಾಯಿ ತಲೆ ಮೇಲೆ ಬಿದ್ದರೆ ಏನು ಗತಿ ಎಂದ ಅಪ್ಪ. ಕಾಯಿಯ ಮೇಲೆ ಬಿಳಿ ದಾರದ ಹೊಲಿಗೆ ಯಾಕೆ ಎಂಬುದು ಎಲ್ಲರಿಗೂ ಕಷ್ಟವಾಯಿತು. ಕೊನೆಗೆ ಅಣ್ಣ ಬಿಡಿಸಿದ. "ಒಡದ ಕಾಯಿ ಇರ್ಬೇಕಲೇ. ಅಲ್ಲಿ ತೆಂಗು ಕಡಿಮಿ. ಹೊಲದು ಮತ್ತ ಆಡ್ತಾರ."

ನಾನು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ರಟ್ಟು ತೋರಿಸಿದೆ. ಅವರು ಓದಿ, ಇದು ಫುಟ್‌ಬಾಲ್ ಎಂದರು. ಮನೆಗೆ ಬಂದು ಹೇಳಿದಾಗ ಅಪ್ಪ ನಕ್ಕ. "ಕೈಯಾಗ ಹಿಡ್ಕಂಡು ನಿಂತಾನ, ಕಾಲಾಗಿನ ಆಟ ಅಂತಾರಲ್ಲ! ನಿಮ್ಮ ಮೇಷ್ಟ್ರಿಗೆ ಇಂಗ್ಲಿಷ್ ಬರಂಗಿಲ್ಲ ಬಿಡು." ಮೇಷ್ಟ್ರ ಮೇಲಿನ ನನ್ನ ಗೌರವ ಆವತ್ತು ಸ್ವಲ್ಪ ಕಡಿಮೆಯಾಯಿತು. ಪಾಪ, ಅವರು ಈಗಿಲ್ಲ. ಇದ್ದಿದ್ದರೆ ಕಾಲಿಗೆ ಬಿದ್ದು ಬರುತ್ತಿದ್ದೆ.

ಹೆಸರಿಲ್ಲದವರಿಗೆ ಹೆಸರಿಡುವ ಕೆಲಸ ನನ್ನದಾಯಿತು. ಗಣಿತದ ಪುಸ್ತಕದ ರಟ್ಟಿನ ಮೇಲೆ ಇದ್ದವನು ಹೊಗೆ ಹನುಮಂತ. ಬೋಳುತಲೆ, ಟೋಪಿ ತೆಗೆದು ಬೆಂಚಿನ ಮೇಲೆ ಕೂತಿದ್ದಾನೆ, ತಲೆಯಿಂದ ಹಬೆ ಏಳುತ್ತಿದೆ. ಬಿಸಿ ಅನ್ನದಿಂದ ಏಳುವ ಹಾಗೆ. ಅದು ಚಳಿ ದೇಶದ ಬೆವರಿನ ಹಬೆ ಎಂದು ನನಗೇನು ಗೊತ್ತು! ಗಣಿತ ಮಾಡಿ ಮಾಡಿ ಹೀಗಾಗಿದ್ದಾನೆ ಎಂದೇ ನನ್ನ ನಂಬಿಕೆ. ಲೆಕ್ಕ ಬಾರದಿದ್ದಾಗ ಅವನ ಮುಖ ನೋಡಿದರೆ ಸಮಾಧಾನವಾಗುತ್ತಿತ್ತು.

ಸಮಾಜ ಪುಸ್ತಕದ ಮೇಲೆ ಹಲ್ಲಿಲ್ಲದ ಬಸಣ್ಣ. ಮುಂದಿನ ನಾಲ್ಕು ಹಲ್ಲು ಇಲ್ಲ, ಆದರೂ ಬಾಯಿ ತುಂಬ ನಗು. ಇವನನ್ನು ಕಂಡರೆ ನಮ್ಮವ್ವನಿಗೆ ಬಹಳ ಅಕ್ಕರೆ. "ರೊಟ್ಟಿ ಹೆಂಗ ತಿಂತಾನ ಪಾಪ, ಹಾಲಾಗ ನೆನಸಿ ಕೊಡ್ತಾರೋ ಇಲ್ಲೋ" ಎಂದು ಮರುಗುತ್ತಿದ್ದಳು. ವಿಜ್ಞಾನದ ಮೇಲೆ ಮಣ್ಣು ಮಲ್ಲಪ್ಪ. ಮೈತುಂಬ ಕೆಸರು, ಎದೆಯ ಮೇಲಿನ ನಂಬರೂ ಕಾಣುವುದಿಲ್ಲ, ಕಣ್ಣೆರಡೇ ಬಿಳಿ. ಬೇರೆಯವರೆಲ್ಲರ ಎದೆ ಮೇಲೂ ನಂಬರಿತ್ತು. ಅದು ಹಾಜರಿ ನಂಬರೆಂದೂ, ಎಂಬತ್ತೆಂಟರವರೆಗೆ ಇರುವುದರಿಂದ ಅಲ್ಲಿಯೂ ನಮ್ಮ ಶಾಲೆಯಂತೆ ಒಂದೇ ಕೋಣೆಯಲ್ಲಿ ತುಂಬಿದ್ದಾರೆಂದೂ ನಾನು ಲೆಕ್ಕ ಹಾಕಿದ್ದೆ.

ಎಲ್ಲರಿಗಿಂತ ನನಗೆ ಹೆಚ್ಚಿನವನು ಮೊದಲ ಚಿತ್ರದ, ಕಾಯಿ ಒಗೆಯುವವನು. ಅವನ ಎರಡು ಕಣ್ಣಿನ ಕೆಳಗೂ ದಪ್ಪನೆಯ ಕಪ್ಪು ಗೆರೆ. ಬಿಸಿಲು ಕುಕ್ಕದಿರಲಿ ಎಂದು ಹಚ್ಚಿಕೊಳ್ಳುವುದಂತೆ, ಈಗ ತಿಳಿಯಿತು. ಆಗ ನಮ್ಮವ್ವ ಒಂದೇ ಮಾತಿನಲ್ಲಿ ಹೇಳಿದ್ದಳು: "ಕಾಡಿಗಿ. ಅವರವ್ವ ದೃಷ್ಟಿ ಆಗಬಾರದಂತ ಹಚ್ಚಿ ಕಳಿಸ್ಯಾಳ." ಇಷ್ಟೆತ್ತರದ ಗಂಡಸನ್ನು ನಿಲ್ಲಿಸಿ, ಅವನು ಬೇಡವೆಂದರೂ ಬಿಡದೆ ಕಾಡಿಗೆ ತೀಡುವ ಒಬ್ಬ ಮುದುಕಿ ಅಮೆರಿಕದಲ್ಲಿದ್ದಾಳೆಂದು ನನಗೆ ಆ ದೇಶದ ಮೇಲೆಯೇ ಪ್ರೀತಿ ಹುಟ್ಟಿತು. ಅವನು ಕಾಡಿಗೆ ಕೊಟ್ರಪ್ಪನಾದ. ಅವನನ್ನು ಯಾವ ಪುಸ್ತಕಕ್ಕೂ ಸುತ್ತದೆ, ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಟ್ಟಿದ್ದೆ. ಅದು ಅಪ್ಪ ಹರಿದ ಅರ್ಧ ಪುಟ. ಸೊಂಟದಿಂದ ಮೇಲಷ್ಟೇ ಇತ್ತು.

ಆ ಅರ್ಧ ಪುಟವನ್ನು ನಾನು ಓದಿದಷ್ಟು ಯಾವ ಪಾಠವನ್ನೂ ಓದಲಿಲ್ಲ. ಬೆರಳುಗಳು ಹೊಲಿಗೆಯ ಮೇಲೆ ಹೇಗೆ ಕೂತಿವೆ, ಮೊಣಕೈ ಎಷ್ಟು ಎತ್ತರದಲ್ಲಿದೆ, ಇನ್ನೊಂದು ಕೈ ಎಲ್ಲಿದೆ, ಎಲ್ಲ ಬಾಯಿಪಾಠ. ನಮ್ಮೂರಲ್ಲಿ ಕಾಯಿಯನ್ನು ಕೆಳಗಿನಿಂದ ಬೀಸಿ ಒಗೆಯುತ್ತಿದ್ದರು. ಕಾಡಿಗೆ ಕೊಟ್ರಪ್ಪನದು ಮೇಲಿನಿಂದ. ನಾನು ಅಣ್ಣನನ್ನು ಹಿಂದಿನ ಹಿತ್ತಲಿಗೆ ಕರೆದು ಹೇಳಿಕೊಟ್ಟೆ. ಅವನು ಒಗೆದ, ನಾನು ಚಿತ್ರ ಹಿಡಿದು ತಿದ್ದಿದೆ. "ಮೊಣಕೈ ಇನ್ನೂ ಮ್ಯಾಲೆ. ಇನ್ನೂ ಹಿಂದಕ್ಕ ಎಳಿ" ಎನ್ನುತ್ತಿದ್ದೆ. ಅಣ್ಣ ಬೆವರು ಒರೆಸಿಕೊಂಡು "ಭುಜ ಕಿತ್ತು ಬರ್ತೈತಲೇ ಗಿರಿಜಿ" ಎನ್ನುತ್ತಿದ್ದ. "ಅವನಿಗೆ ಕಿತ್ತು ಬಂದೈತೇನು?" ಎಂದು ನಾನು ಚಿತ್ರ ಮುಂದೆ ಹಿಡಿಯುತ್ತಿದ್ದೆ. ಮುಂದೆ ಮೂವತ್ತು ವರ್ಷ ಪಾಠ ಹೇಳಿದೆ. ಅಷ್ಟು ಕ್ರೂರ ಟೀಚರು ಮತ್ತೆ ಆಗಲಿಲ್ಲ.

ಓಣಿಯಲ್ಲಿ ಅಣ್ಣನಿಗಿದ್ದ ಹೆಸರೆಲ್ಲ ಆ ಕೈಯದು. ಓದಿನಲ್ಲಿ ಹೋಗಿದ್ದ ಮಾನವನ್ನು ಅವನು ವರ್ಷಕ್ಕೊಂದು ದಿನ ಕಾಯಿ ಒಗೆದು ವಾಪಸು ತರುತ್ತಿದ್ದ. ಆ ವರ್ಷದ ಪಂಚಮಿಗೆ ಅವನು ಆಡಿದ ಮಾತು ಎಲ್ಲರನ್ನೂ ಬೆಚ್ಚಿಸಿತು. ಬೇವಿನಕಟ್ಟೆಯಿಂದ ಹರಪನಹಳ್ಳಿ ದಾರಿಯ ಹನುಮಪ್ಪನ ಗುಡಿಯನ್ನು ಒಂಬತ್ತು ಎಸೆತದಲ್ಲಿ ದಾಟಿಸುತ್ತೇನೆ ಎಂದ. ಮೊದಲು ಯಾರೂ ಹನ್ನೊಂದಕ್ಕಿಂತ ಕಡಿಮೆಯಲ್ಲಿ ದಾಟಿಸಿರಲಿಲ್ಲ. ಎದುರು ಓಣಿಯವರು ಆಗಲಿ ಎಂದರು.

ಗುಡಿಯ ಮುಂದಿನ ಹುಣಸೆಮರಕ್ಕೆ ನಮ್ಮ ಜೋಕಾಲಿ ಕಟ್ಟಿತ್ತು. ನಾನು ಹೊಸ ಲಂಗ ಉಟ್ಟು, ಉಡಿಯಲ್ಲಿ ಶೇಂಗಾ ಉಂಡಿ ಕಟ್ಟಿಕೊಂಡು ಅದರ ಮೇಲೆ ನಿಂತೇ ಜೀಕುತ್ತಿದ್ದೆ. ಸಂಜೆಯಾಗಿತ್ತು. ಸೂರ್ಯ ಸರಿಯಾಗಿ ಗುಡಿಯ ಹಿಂದೆ ಇಳಿಯುತ್ತಿದ್ದ. ಎಂಟು ಎಸೆತ ಮುಗಿಸಿ ಅಣ್ಣ ದಾರಿಯಲ್ಲಿ ಬಂದು ನಿಂತಾಗ ಗುಡಿ ಇನ್ನೂ ಬಹಳ ದೂರವಿತ್ತು. ಬೀಸಿ ಒಗೆದರೆ ಮುಟ್ಟುವ ದೂರವಲ್ಲ. ಅಣ್ಣ ತಲೆ ಎತ್ತಿ ನನ್ನ ಕಡೆ ನೋಡಿದ. ನಾನು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯನ್ನು ಕಿವಿಯ ಹಿಂದಕ್ಕೆ ಎಳೆದು ತೋರಿಸಿದೆ.

ಅವನು ಹಾಗೇ ಒಗೆದ. ಕಾಯಿ ಕೈಬಿಟ್ಟ ಕ್ಷಣವೇ ಒಂದು ಕೂಗು ಕೂಗಿ ಮಕಾಡೆ ಬಿದ್ದ. ಕೆಳಗಿದ್ದವರ ಕಣ್ಣಿಗೆ ಎದುರು ಬಿಸಿಲು. ಮೇಲಿದ್ದ ನನಗೆ ಕಾಯಿ ಕಂಡಿತು. ಗುಡಿಯನ್ನು ದಾಟಿ ಹಿಂದಿನ ಜಾಲಿಮುಳ್ಳಿನ ಪೊದೆಯಲ್ಲಿ ಇಳಿಯಿತು. ನಾನು ಜೋಕಾಲಿಯಿಂದ ಹಾರಿ ಅಣ್ಣನ ಕಡೆ ಓಡಿದೆ. ಉಂಡಿಯೆಲ್ಲ ದಾರಿಯಲ್ಲಿ ಚೆಲ್ಲಿದವು. ಎದುರು ಓಣಿಯವರು ಕಾಯಿ ಹುಡುಕಿದ ಹಾಗೆ ಮಾಡಿ, ಸಿಗಲಿಲ್ಲ ಎಂದರು. ಕಾಯಿ ಸಿಗದಿದ್ದರೆ ಸೋತಂತೆ ಎಂಬುದು ಆಟದ ಕಟ್ಟಳೆ. ಯಾರಿಗೂ ಜಗಳ ಮಾಡುವ ಮನಸ್ಸಿರಲಿಲ್ಲ, ಅಣ್ಣನ ತೋಳು ಅಂಗಿಯೊಳಗೆ ಸೊಟ್ಟಗೆ ಜೋತಿತ್ತು.

ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ ಎಲುಬು ಕಟ್ಟುವ ಅಜ್ಜ ಇದ್ದ. ಬಿದಿರಿನ ದಬ್ಬೆ, ಬಟ್ಟೆ, ಮೊಟ್ಟೆಯ ಬಿಳಿ ಹಾಕಿ ಕಟ್ಟಿದ. ಅಪ್ಪ ಒಂದೇ ಪ್ರಶ್ನೆ ಕೇಳಿದ: "ಇಂಥಾ ಒಗ್ಯಾಟ ಯಾರು ಕಲಿಸಿದ್ರು ನಿನಗ?" ಅಣ್ಣ ನನ್ನ ಕಡೆ ನೋಡದೆ "ಯಾರಿಲ್ಲ, ನಾನಾ" ಎಂದ. ನಾನು ಸುಮ್ಮನಿದ್ದೆ. ಕಾಯಿ ದಾಟಿದ್ದನ್ನು ಕಂಡೆ ಎಂದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಮನೆಗೆ ಬಂದು ಕಾಡಿಗೆ ಕೊಟ್ರಪ್ಪನನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿದೆ. ಅತ್ತುಬಿಟ್ಟೆ. ಅಣ್ಣನಿಗಾಗಿ ಎಷ್ಟು, ಅವನಿಗಾಗಿ ಎಷ್ಟು ಎಂದು ಕೇಳಬೇಡಿರಿ.

ಕೈ ಕೂಡಿತು, ಆದರೆ ಕಿವಿಯವರೆಗಷ್ಟೇ. ಅಣ್ಣ ಎಡಗೈಯಲ್ಲಿ ಮಿರ್ಚಿ ಕರಿಯುವುದನ್ನು ಕಲಿತ. ಅವನ ಮದುವೆಯಲ್ಲಿ ಹಾರ ಹಾಕುವಾಗ ಅತ್ತಿಗೆ ಸೊಂಟದವರೆಗೆ ಬಗ್ಗಿ ನಿಂತಳು. ಎಂಥಾ ವಿನಯದ ಹುಡುಗಿ ಎಂದು ಬೀಗರೆಲ್ಲ ಹೊಗಳಿದರು. ನಾನು ಚಪ್ಪರದ ಕಂಬದ ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ. ಮದುವೆಯಾಗಿ ನಾನು ಹಗರಿಬೊಮ್ಮನಹಳ್ಳಿಗೆ ಬಂದೆ. ಪ್ರತಿ ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದ, ಈಗ ಅವನಿಗೆ ವಯಸ್ಸಾಯಿತೆಂದು ನಾನೇ ಬಸ್ಸಿನಲ್ಲಿ ಹೋಗುತ್ತೇನೆ. ಹೋದಾಗಲೆಲ್ಲ ಕೇಳುತ್ತೇನೆ: ಭುಜ ನೋಯುತ್ತದೆಯೇ, ಎಣ್ಣೆ ಹಚ್ಚಿದೆಯಾ, ಡಾಕ್ಟರಿಗೆ ತೋರಿಸಿದೆಯಾ. ಅವನು ಹೂಂ ಎನ್ನುತ್ತಾನೆ. ನಮ್ಮಿಬ್ಬರ ನಡುವೆ ಆ ದಿನದ ಮಾತು ಬರುವುದಿಲ್ಲ.

ಈ ಆಷಾಢದಲ್ಲಿ ಫೋನಿನಲ್ಲಿ ಏನೋ ಉಪ್ಪಿನಕಾಯಿ ಮಾಡುವುದನ್ನು ನೋಡುತ್ತಿದ್ದೆ. ರಿಟೈರಾದವರ ಉದ್ಯೋಗ. ಹೆಬ್ಬೆರಳು ಎಲ್ಲಿ ತಾಗಿತೋ, ಉಪ್ಪಿನಕಾಯಿ ಹೋಗಿ ಅವರು ಬಂದರು. ಹಳೆಯ, ಬಣ್ಣ ಮಾಸಿದ ವಿಡಿಯೋ. ಅದೇ ಟೋಪಿ, ಅದೇ ಭುಜ, ಅದೇ ಕೆಸರು. ಚಿತ್ರದಲ್ಲಿ ನಿಂತೇ ಇದ್ದವರು ಐವತ್ತು ವರ್ಷದ ಮೇಲೆ ಓಡತೊಡಗಿದ್ದರು! ಹನುಮಂತ, ಬಸಣ್ಣ, ಮಲ್ಲಪ್ಪ ಇವರಲ್ಲಿ ಯಾರಾದರೂ ಕಾಣುತ್ತಾರೆಯೇ ಎಂದು ಕನ್ನಡಕ ಒರೆಸಿ ಒರೆಸಿ ನೋಡಿದೆ. ಕಾಣಲಿಲ್ಲ. ಈಗ ಅವರಿಗೆ ಎಂಬತ್ತರ ಆಚೀಚೆ ಇರಬೇಕು. ಮೊಣಕಾಲು ಹಿಡಿದಿರಬೇಕು. ಕೆಲವರು ಹೋಗಿಯೂ ಇರಬೇಕು. ಕೊಟ್ಟೂರಿನಲ್ಲಿ ಅವರನ್ನು ಗಣಿತದ ಪುಸ್ತಕಕ್ಕೆ ಸುತ್ತಿಕೊಂಡು ಶಾಲೆಗೆ ಹೋದ ಹುಡುಗಿಯೊಬ್ಬಳಿದ್ದಳೆಂದು ಅವರಿಗೆ ಯಾರೂ ಹೇಳಿರುವುದಿಲ್ಲ ಎನಿಸಿ ಬೇಜಾರಾಯಿತು.

ಅಷ್ಟರಲ್ಲಿ ಒಬ್ಬ ಕಾಯಿ ಒಗೆದ. ಕಾಯಿಯಲ್ಲ, ಚೆಂಡು, ಗೊತ್ತು. ನಾನು ವಿಡಿಯೋ ನಿಲ್ಲಿಸಿ ಮತ್ತೆ ನೋಡಿದೆ. ಹತ್ತು ಸಲ ನೋಡಿದೆ. ಅವನು ಎಡಗಾಲನ್ನು ಮುಂದಕ್ಕೆ ಇಟ್ಟ, ಸೊಂಟ ತಿರುಗಿಸಿದ, ಆಮೇಲೆ ಭುಜ ಬಂತು, ಎಲ್ಲಕ್ಕಿಂತ ಕೊನೆಗೆ ಕೈ ಬಂತು. ಬಲವೆಲ್ಲ ಕಾಲಿನಿಂದ ಏಳುತ್ತಿತ್ತು. ನಾನು ಅಣ್ಣನಿಗೆ ಕಲಿಸಿದ್ದು ಸೊಂಟದಿಂದ ಮೇಲಿನದು ಮಾತ್ರ. ಕಾಲು ಇದ್ದ ಅರ್ಧದಲ್ಲಿ ಯಾರೋ ಮಿರ್ಚಿ ತಿಂದಿದ್ದರು.

ಪಂಚಮಿಗೆ ಕೊಟ್ಟೂರಿಗೆ ಹೋದೆ. ಈ ಸಲ ಹೇಳಿಯೇ ತೀರಬೇಕೆಂದು ಬಸ್ಸಿನಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಣ್ಣ ಸಂಜೆಯ ಮೆಣಸಿನಕಾಯಿ ಸೀಳುತ್ತಿದ್ದ, ಅತ್ತಿಗೆ ಒಳಗೆ ಪಂಚಮಿಗೆ ಹುರಿದ ಜೋಳದ ಅಳ್ಳು ಕೇರುತ್ತಿದ್ದಳು. ನಾನು ಫೋನ್ ಅವನ ಮುಂದೆ ಹಿಡಿದೆ.

"ಯಣ್ಣಾ, ಇದನ್ನ ನೋಡು."

ಅವನು ಕೈ ಒರೆಸಿಕೊಂಡು ನೋಡಿದ. "ಏ, ನಮ್ಮ ಕಾಡಿಗಿ ಕೊಟ್ರಪ್ಪನ ಕಡಿಯಾರಲ್ಲ ಇವರು!" ಎಂದ. ಹೆಸರು ಅವನಿಗೂ ನೆನಪಿತ್ತು. ಜೋಡಿಸಿಕೊಂಡ ಮಾತೆಲ್ಲ ಹೋಗಿ, ಬಾಯಿಗೆ ಬಂದದ್ದನ್ನು ಹೇಳಿದೆ.

"ಕಾಲು ನೋಡಣ್ಣ. ಕಾಲಾಗಿಂದ ಒಗೀತಾರ. ನಮ್ಮ ಚಿತ್ರದಾಗ ಕಾಲೇ ಇರ್ಲಿಲ್ಲ. ನಾ ನಿನಗ ಅರ್ಧ ಕಲಿಸಿದೆ. ನಿನ್ನ ಕೈ ಹಾಳು ಮಾಡಿದಾಕಿ ನಾನು."

ಅವನು ವಿಡಿಯೋ ಪೂರ್ತಿ ನೋಡಿ ಫೋನ್ ವಾಪಸು ಕೊಟ್ಟ. ಒಂದು ಮೆಣಸಿನಕಾಯಿ ತೆಗೆದುಕೊಂಡ, ಸೀಳದೆ ಹಾಗೇ ಇಟ್ಟ.

"ಕೈ ಇರ್ಲಿ ಬಿಡಲೇ. ಕೈ ಇಲ್ಲಂತ ಅಂಗಡಿ ನಿಂತೈತೇನು? ವರ್ಷಾ ಬರ್ತಿ, ಕೈ ಕೇಳ್ತಿ. ನೋವು ಐತೇನು, ಎಣ್ಣಿ ಹಚ್ಚೀಯೇನು. ಅದೊಂದು ಬಿಟ್ಟು ಇನ್ನೇನೂ ಕೇಳಂಗಿಲ್ಲ, ಹೇಳಂಗಿಲ್ಲ." ಆಮೇಲೆ ಬೀದಿಯ ಕಡೆ ನೋಡುತ್ತಾ ಕೇಳಿದ: "ನೀ ಅವತ್ತು ಜೋಕಾಲಿ ಮ್ಯಾಲೆ ಇದ್ದಿ. ನಾ ಮಕಾಡಿ ಬಿದ್ದಿದ್ದೆ. ಕಾಯಿ ಎಲ್ಲಿಗೆ ಹೋತು, ಗಿರಿಜಿ?"

ಅವನಿಗೆ ಗೊತ್ತಿಲ್ಲ. ಇಷ್ಟು ವರ್ಷ ಗೊತ್ತಿಲ್ಲ. ಸೋತೆನೋ ಗೆದ್ದೆನೋ ತಿಳಿಯದೆ ಈ ಬಾಣಲೆಯ ಮುಂದೆ ನಿಂತಿದ್ದಾನೆ. ಕಂಡವಳು ನಾನೊಬ್ಬಳು, ನಾನು ಎಣ್ಣೆ ಹಚ್ಚಿದೆಯಾ ಎಂದು ಕೇಳಿಕೊಂಡು ಬಂದಿದ್ದೇನೆ.

"ದಾಟಿತಣ್ಣ" ಎಂದೆ.

"ಗುಡಿ?"

"ಗುಡಿ ದಾಟ್ತು. ಶಿಖರದ ಮ್ಯಾಲೆ ಇನ್ನೂ ಎರಡು ಆಳು ಎತ್ತರ ಇತ್ತು. ಹಿಂದ ಜಾಲಿ ಪೊದ್ಯಾಗ ಬಿತ್ತು. ನಾ ಕಣ್ಣಾರ ನೋಡೀನಿ."

ಅಣ್ಣ ಎದ್ದು ನಿಂತ. ಮತ್ತೆ ಕೂತ. ಕೊರಳ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಎರಡು ಸಲ ಒರೆಸಿಕೊಂಡ. ಆಮೇಲೆ ಒಳಗೆ ತಿರುಗಿ ಕೂಗಿದ: "ಏ, ಕೇಳಿಸ್ತೇನು? ದಾಟಿತ್ತಂತ!"

"ಏನು ದಾಟಿತ್ತಂತ್ರಿ?" ಎಂದು ಅತ್ತಿಗೆ ಮೊರ ಹಿಡಿದೇ ಹೊರಗೆ ಬಂದಳು.

ಅಣ್ಣ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ.

"ಹೆಂಗ ಹೋತು? ತಿರುಗ್ತಿತ್ತೇನು, ಈ ಫೋನಿನಾಗಿನವನು ಒಗದಂಗ? ಗಡಿಬಿಡಿ ಮಾಡಬ್ಯಾಡ. ನನ್ನ ಕೈ ಬಿಟ್ಟಾಗಿಂದ ಹೇಳು."

ನಾನು ಹೇಳತೊಡಗಿದೆ.